ಅಗಸಗಿತ್ತಿಯ ಒಂದೇ ತಪ್ಪು

"ಗುರುಗಳೇ, ಜೀವಮಾನದಲ್ಲಿ ತಪ್ಪನ್ನೇ ಮಾಡದವನೊಬ್ಬ, ಗೊತ್ತಿದ್ದೂ ಒಂದು ತಪ್ಪು ಮಾಡಬಹುದೇ? ಅದೂ ಗುರುತು ಪರಿಚಯವಿಲ್ಲದ ಯಾರಿಗಾಗಿಯೋ?"

ಹೀಗೆ ಕೇಳಿದವನು ಮಠದ ಬಾಗಿಲು ಕಾಯುವ ಶಿಷ್ಯ. ಹನ್ನೆರಡು ವರ್ಷದಿಂದ ಬಾಗಿಲೂ ಉಗ್ರಾಣವೂ ಅವನ ಕೈಯಲ್ಲಿದ್ದವು. ಒಂದು ದಿನವೂ ಹೊತ್ತಿಗೆ ಮೊದಲು ಬಾಗಿಲು ತೆರೆದವನಲ್ಲ, ಹೊತ್ತು ಮೀರಿ ಮುಚ್ಚಿದವನಲ್ಲ. ಆ ದಿನ ಬೆಳಿಗ್ಗೆ ಗಡಿಯಾಚೆಯ ಯುದ್ಧಕ್ಕೆ ಹೆದರಿ ಓಡಿಬಂದ ಮೂವತ್ತು ಮಂದಿ ಮಠದ ಮುಂದೆ ಬಂದು ನಿಂತಿದ್ದರು. ಅಂಥವರನ್ನು ಯಾರೂ ಒಳಗೆ ಬಿಟ್ಟುಕೊಳ್ಳಕೂಡದೆಂದು ಅರಮನೆಯ ಡಂಗುರ ಹಿಂದಿನ ದಿನವೇ ಆಗಿತ್ತು. ಶಿಷ್ಯ ಹೊರಗೆ ಹೋಗಿ ಮೆಟ್ಟಿಲುಗಲ್ಲಿನ ಮೇಲೆ ನಿಂತ. ಆ ಕಲ್ಲಿನ ಒಂದು ಬದಿ ಸವೆದು ನುಣುಪಾಗಿದೆ, ಹುಷಾರಾಗಿ ಕಾಲಿಡದಿದ್ದರೆ ಜಾರುತ್ತದೆ. ಅವನು ಹುಷಾರಾಗಿಯೇ ನಿಂತು ಅವರಿಗೆ ಅರಮನೆಯ ಮಾತು ತಿಳಿಸಿ, ಒಳಗೆ ಬಂದು ಅಗುಳಿ ಹಾಕಿದ. ಅಗುಳಿ ಹಾಕಿದ ಮೇಲೂ ಅವರು ಹೋಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತರು. ಅದರಿಂದಲೇ ಅವನಿಗೆ ಈ ಪ್ರಶ್ನೆ ಹುಟ್ಟಿತ್ತು.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಕೂತುಕೋ. ನಿನ್ನ ಹಾಗೆಯೇ ತಪ್ಪು ಮಾಡದವಳೊಬ್ಬಳಿದ್ದಳು. ಅವಳ ಕತೆ ಹೇಳುತ್ತೇನೆ," ಎಂದರು. ಹೇಳಿದ ಕತೆ ಇದು.

ಒಂದು ಹೊಳೆ. ಹೊಳೆಯ ಈ ದಡಕ್ಕೆ ಒಬ್ಬ ಅರಸ, ಆ ದಡಕ್ಕೆ ಇನ್ನೊಬ್ಬ. ನೀರು ಮಾತ್ರ ಇಬ್ಬರನ್ನೂ ಕೇಳದೆ ಹರಿಯುತ್ತಿತ್ತು. ಈ ದಡದ ಊರಿನಲ್ಲಿ ಬರಮವ್ವ ಎಂಬ ಅಗಸಗಿತ್ತಿ ಇದ್ದಳು. ಈ ಕತೆಯಲ್ಲಿ ಹೆಸರಿರುವುದು ಅವಳೊಬ್ಬಳಿಗೇ. ಉಳಿದವರಿಗೆ ಗೌಡ, ಕಾರಭಾರಿ ಎಂದರೆ ಸಾಕು. ಅಂಥವರು ತಮ್ಮ ಹೆಸರನ್ನು ಹೇಗೂ ಎಲ್ಲಾದರೂ ಕೆತ್ತಿಸಿಕೊಂಡಿರುತ್ತಾರೆ.

ಊರಿನಲ್ಲಿ ನಲವತ್ತು ಮನೆ. ಮನೆಗೊಂದು ಗುರುತು. ಬರಮವ್ವ ಕರಿಗೇರು ಕಾಯಿಯ ಕಪ್ಪು ರಸದಲ್ಲಿ ಕಡ್ಡಿ ಅದ್ದಿ ಪ್ರತಿ ಬಟ್ಟೆಯ ಮೂಲೆಗೂ ಆ ಮನೆಯ ಗುರುತು ಹಾಕುತ್ತಿದ್ದಳು. ಗೌಡರ ಮನೆಗೆ ಮೂರು ಚುಕ್ಕೆ, ಗಾಣಿಗರ ಮನೆಗೆ ಕತ್ತರಿಯಂತೆ ಎರಡು ಗೆರೆ, ಕುಂಬಾರರ ಮನೆಗೆ ಒಂದು ಸುತ್ತು. ಬಟ್ಟೆ ಹರಿದು ಚಿಂದಿಯಾದರೂ ಆ ಗುರುತು ಹೋಗುವುದಿಲ್ಲ. ಸಂತೆಯಲ್ಲಿ ಕಳೆದುಹೋದ ಪಂಚೆಯ ಜಗಳವಾಗಲಿ, ಹೊಳೆಯಲ್ಲಿ ತೇಲಿಬಂದ ಹೆಣವಾಗಲಿ, ಬಟ್ಟೆಯ ಮೂಲೆ ತಿರುಗಿಸಿ ನೋಡಿದರೆ ಯಾವ ಮನೆಯದೆಂದು ತಿಳಿಯುತ್ತಿತ್ತು. ಚಾವಡಿಯ ನ್ಯಾಯದಲ್ಲಿ ಹತ್ತು ಸಾಕ್ಷಿ ಒಂದು ಕಡೆಯಾದರೆ ಬರಮವ್ವನ ಗುರುತು ಒಂದು ಕಡೆ. ನಲವತ್ತು ವರ್ಷದಲ್ಲಿ ಒಂದು ಕೌಪೀನವೂ ತಪ್ಪು ಮನೆಗೆ ಹೋದದ್ದಿಲ್ಲ.

ಮದುವೆಯಾಗಿ ಬಂದಾಗ ಅತ್ತೆ ಅವಳಿಗೆ ಹೇಳಿದ್ದು ಎರಡೇ ಮಾತು. "ಕಲೀ ನೋಡು, ಕಾರಣಾ ಕೇಳಬ್ಯಾಡ. ಯಾರ ಅರಿವಿ ಅವರ ಮನಿಗೆ ಮುಟ್ಟಸು." ಆ ಸೀಮೆಯಲ್ಲಿ ಕಲಿ ಎಂದರೆ ಕಲೆ, ಅರಿವಿ ಎಂದರೆ ಬಟ್ಟೆ. ಇದರ ಜೊತೆಗೆ ಅಗಸರ ಕಟ್ಟಳೆ ಇನ್ನೊಂದಿತ್ತು. ಯಾರ ಬಟ್ಟೆಯನ್ನು ಒಮ್ಮೆ ನೀರಿಗೆ ಅದ್ದಿದಳೋ ಅವರು ಅವಳ ಮನೆಯವರಾದರು. ಬರಗಾಲ ಬರಲಿ, ಜಗಳವಾಗಲಿ, ಅಂಥ ಮನೆಯನ್ನು ಅಗಸಗಿತ್ತಿ ಬಿಡುವಂತಿಲ್ಲ.

ಅತ್ತೆಯ ಅತ್ತೆ ಒಗೆಯುತ್ತಿದ್ದ ಕರಿಯ ಬಂಡೆಯ ಮೇಲೇ ಬರಮವ್ವನೂ ಒಗೆಯುತ್ತಿದ್ದಳು. ಮೂರು ತಲೆಮಾರು ಒಗೆದು ಒಗೆದು ಅದರ ನಡುಭಾಗ ಸವೆದು ತಗ್ಗುಬಿದ್ದಿತ್ತು. ಗಂಡ ತೀರಿದ ಮೇಲೆ ಅವಳಿಗೆ ನನ್ನದು ಎನ್ನಲಿಕ್ಕೆ ಇದ್ದದ್ದು ಎರಡೇ: ಆ ಬಂಡೆ, ಮತ್ತು ಬರಮವ್ವ ತಪ್ಪುವವಳಲ್ಲ ಎಂಬ ಮಾತು.

ಊರಿನಲ್ಲಿ ಅವಳಿಗೆ ಒಂದೇ ಕಂಟಕ. ಗೌಡತಿ. ಗೌಡರ ಹೆಂಡತಿಗೆ ಮಡಿಯೆಂದರೆ ಮಡಿ. ಇನ್ನೊಬ್ಬರು ಉಟ್ಟ ಬಟ್ಟೆಯ ಗಾಳಿ ಸೋಕಿದರೂ ತಲೆಗೆ ನೀರು ಹಾಕಿಕೊಳ್ಳುವವಳು. ಬರಮವ್ವನ ಗಂಟು ಹೊಸ್ತಿಲು ದಾಟುವ ಮೊದಲು ನೀರು ಚಿಮುಕಿಸುತ್ತಿದ್ದಳು. ಒಂದೊಂದು ಸೀರೆಯನ್ನೂ ಬಿಸಿಲಿಗೆ ಹಿಡಿದು ನೋಡಿ, ಸಾಸಿವೆಯಷ್ಟು ಕಲೆ ಕಂಡರೂ ತಿರುಗಿ ಕಳಿಸುತ್ತಿದ್ದಳು. ಬರಮವ್ವ ಬಾಯಿಬಿಡದೆ ತೆಗೆದುಕೊಂಡು ಹೋಗುತ್ತಿದ್ದಳು. ಹೊಳೆಗೆ ಬಂದಮೇಲೆ ಮಾತ್ರ ಆ ಸೀರೆಗೆ ಬಂಡೆಯ ಮೇಲೆ ನಾಲ್ಕು ಏಟು ಹೆಚ್ಚಾಗಿಯೇ ಬೀಳುತ್ತಿದ್ದವು.

ಒಂದು ದಿನ ಹೊಳೆಯಲ್ಲಿ ಬಟ್ಟೆಗಳು ತೇಲಿಬಂದವು. ಆ ದಡದ ಅರಸನ ಮೇಲೆ ಯಾರೋ ದಂಡೆತ್ತಿ ಬಂದಿದ್ದಾರೆ, ಊರುಗಳು ಉರಿಯುತ್ತಿವೆ ಎಂದು ಸುದ್ದಿಯಿತ್ತು. ಸುದ್ದಿಯ ಹಿಂದೆಯೇ ಬಟ್ಟೆ ಬಂತು. ಬರಮವ್ವ ಸೊಂಟದ ನೀರಿಗೆ ಇಳಿದು ಏಳು ಬಟ್ಟೆ ಎಳೆದುಕೊಂಡಳು. ಅದರಲ್ಲಿ ಒಂದು ಹಳದಿ ಅಂಚಿನ ಸೀರೆ. ಸೆರಗಿನ ಕಡೆ ಗೇಣುದ್ದ ಸುಟ್ಟಿತ್ತು.

ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು, ಇದು ಆಚೆಯವರದು. ಎರಡು ದಡದವರಿಗೂ ಮಾತು ಒಂದೇ, ಮೈಬಣ್ಣ ಒಂದೇ, ದೇವರಿಗೆ ಕೈಮುಗಿಯುವ ರೀತಿಯೂ ಒಂದೇ. ನೇಯ್ಗೆ ಮಾತ್ರ ಬೇರೆ. ಈಚೆಯ ಸೀರೆಗೆ ಕೆಂಪು ಅಂಚು, ಆಚೆಯದಕ್ಕೆ ಹಳದಿ. ಈಚೆಯ ಧೋತರ ಅಚ್ಚ ಬಿಳಿ, ಆಚೆಯದಕ್ಕೆ ನೀಲಿ ಗೆರೆ. ಬೇರೆ ಯಾರಾದರೂ ಆಗಿದ್ದರೆ ಆ ಬಟ್ಟೆಯನ್ನು ತಾವೇ ಇಟ್ಟುಕೊಳ್ಳುತ್ತಿದ್ದರು, ಇಲ್ಲವೇ ನೀರಿಗೆ ಬಿಡುತ್ತಿದ್ದರು. ಬರಮವ್ವ ಏಳನ್ನೂ ಒಗೆದು, ಒಣಗಿಸಿ, ಮಡಿಸಿಟ್ಟಳು. ಬಟ್ಟೆಯೆಂದ ಮೇಲೆ ಅದಕ್ಕೊಬ್ಬ ಧಣಿ ಇರಲೇಬೇಕು, ಇಂದಲ್ಲ ನಾಳೆ ಕೇಳಿಕೊಂಡು ಬಂದೇ ಬರುತ್ತಾರೆ ಎಂದು ಅವಳ ಎಣಿಕೆ. ಇದನ್ನು ಕರುಣೆ ಎಂದು ತಿಳಿಯಬೇಡ. ಚಾಳಿ. ಎಷ್ಟೋ ಸಲ ಕರುಣೆ ಬರುವಷ್ಟರಲ್ಲಿ ಚಾಳಿ ಅರ್ಧ ಕೆಲಸ ಮುಗಿಸಿರುತ್ತದೆ.

ಮೂರನೆಯ ದಿನ ಧಣಿಗಳು ಬಂದರು. ಹೊಳೆ ದಾಟಿ, ಎದೆಮಟ್ಟದ ನೀರಿನಲ್ಲಿ, ಒಬ್ಬರ ಕೈ ಒಬ್ಬರು ಹಿಡಿದು ಇಪ್ಪತ್ತೆರಡು ಮಂದಿ. ತಲೆಯ ಮೇಲೆ ಸಣ್ಣ ಸಣ್ಣ ಗಂಟು. ಮೈಯೆಲ್ಲ ಬೂದಿ ಮೆತ್ತಿತ್ತು, ಹೊಳೆ ಅದನ್ನು ಅರ್ಧ ತೊಳೆದಿತ್ತು. ಅವರೊಳಗೆ ಒಬ್ಬ ಮುದುಕಿ ದಡ ಹತ್ತಿದವಳೇ ಮಡಿಸಿಟ್ಟ ಹಳದಿ ಅಂಚಿನ ಸೀರೆಯ ಕಡೆ ಬೆರಳು ಮಾಡಿದಳು.

"ಅದು ನನ್ನ ಸೊಸೀದು."

"ಸೊಸಿ ಎಲ್ಲದಾಳವ್ವ?"

ಮುದುಕಿ ತಿರುಗಿ ಹೊಳೆಯ ಕಡೆ ನೋಡಿದಳು.

ಯಾರ ಬಟ್ಟೆ ಅವರ ಮನೆಗೆ ಮುಟ್ಟಿಸಬೇಕು. ಆದರೆ ಮನೆಯೇ ಸುಟ್ಟುಹೋಗಿದ್ದರೆ? ಅತ್ತೆ ಅದನ್ನು ಹೇಳಿಕೊಟ್ಟಿರಲಿಲ್ಲ. ಬಟ್ಟೆಯನ್ನಂತೂ ನೀರಿಗೆ ಅದ್ದಿ ಆಗಿತ್ತು. ಇಪ್ಪತ್ತೆರಡು ಜನರೂ ಅವಳ ಮನೆಯವರಾಗಿ ಹೋಗಿದ್ದರು. ಬರಮವ್ವ ಅವರನ್ನು ಬಟ್ಟೆ ಒಣಗಿಸುವ ಚಪ್ಪರದಲ್ಲಿ ಇಳಿಸಿ, ಊರಿನಲ್ಲಿ ರೊಟ್ಟಿ ಕೇಳಲು ಹೊರಟಳು. ಕೆಲವರು ಕೊಟ್ಟರು. ಕೆಲವರು ಬಾಗಿಲು ಹಾಕಿಕೊಂಡರು. ಇನ್ನು ಕೆಲವರು ಮುಂಬಾಗಿಲು ಹಾಕಿಕೊಂಡು ಹಿತ್ತಲಿನಿಂದ ಕೊಟ್ಟರು. ಲೋಕದಲ್ಲಿ ಇಂಥವರೇ ಹೆಚ್ಚು. ಅವರನ್ನು ನಾನು ಬೈಯುವುದಿಲ್ಲ, ರೊಟ್ಟಿ ರೊಟ್ಟಿಯೇ.

ನಾಲ್ಕು ದಿನ ಕಳೆಯುವಷ್ಟರಲ್ಲಿ ಡಂಗುರ ಬಂತು. ಗೆದ್ದ ಹೊಸ ಅರಸನ ಕೋಪ ತನಗೆ ತಾಕದಿರಲಿ ಎಂದು ಈಚೆಯ ಅರಸ ಓಡಿಬಂದವರನ್ನೆಲ್ಲ ಹಿಡಿದು ದೋಣಿಯಲ್ಲಿ ವಾಪಸು ಕಳಿಸಲು ಒಪ್ಪಿದ್ದ. ಆ ದಡದಲ್ಲಿ ಕತ್ತಿ ಹಿಡಿದವರು ಕಾದಿದ್ದರು. ನಾಳೆ ಬೆಳಿಗ್ಗೆ ಅರಮನೆಯ ಕಾರಭಾರಿ ಬರುತ್ತಾನೆ, ಹಳದಿ ಅಂಚು ನೀಲಿ ಗೆರೆ ಉಟ್ಟವರನ್ನೆಲ್ಲ ಒಯ್ಯುತ್ತಾನೆ, ಅವರನ್ನು ಬಚ್ಚಿಟ್ಟ ಮನೆಗೆ ಬೆಂಕಿ ಹಾಕುತ್ತಾನೆ ಎಂದು ಸಾರಿದರು.

ಗೌಡ ಹೊಳೆಯ ದಂಡೆಗೆ ಬಂದ. ಕೆಟ್ಟವನಲ್ಲ. ಆದರೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಪೈಕಿ.

"ಬರಮವ್ವ, ಇವರನ್ನ ಇವತ್ತ ಮುಂದಿನ ಊರಿಗೆ ಸಾಗಹಾಕು."

"ಅಲ್ಲೂ ಇದ ಡಂಗರಾ ಹೊಡದಾರಲ್ರೀ ಗೌಡ್ರ."

"ಹಂಗಾರ ನಾ ಏನೂ ನೋಡಿಲ್ಲ," ಎಂದು ಗೌಡ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋದ.

ಅಂದು ಅಮಾವಾಸ್ಯೆಯ ಹಿಂದಿನ ದಿನ. ಉಟ್ಟದ್ದೊಂದು ಬಿಟ್ಟು ಊರಿನ ಬಟ್ಟೆಯೆಲ್ಲ ಆ ದಿನ ಹೊಳೆಗೆ ಬರುವುದು ವಾಡಿಕೆ. ನಲವತ್ತು ಗಂಟು ದಂಡೆಯ ಮೇಲಿದ್ದವು. ಚಪ್ಪರದಲ್ಲಿ ಇಪ್ಪತ್ತೆರಡು ಮಂದಿ ಕೂತಿದ್ದರು. ಬರಮವ್ವ ನಡುವೆ ನಿಂತು ಒಮ್ಮೆ ಗಂಟುಗಳನ್ನು ನೋಡಿದಳು, ಒಮ್ಮೆ ಅವರನ್ನು ನೋಡಿದಳು. ನೋಡುತ್ತ ನೋಡುತ್ತ ಏನು ಮಾಡಬೇಕೆಂಬುದು ಅವಳಿಗೆ ತಿಳಿದುಬಿಟ್ಟಿತು.

ಊರಿನ ಬಟ್ಟೆಯನ್ನೆಲ್ಲ ಒಗೆದು ಒಣಗಿಸಿದಳು. ಅದರೊಳಗಿಂದ ಒಂದೊಂದು ಮನೆಯ ಒಂದೊಂದು ಬಟ್ಟೆ ಎತ್ತಿ ಬಂದವರಿಗೆ ಉಡಲು ಕೊಟ್ಟಳು. ಅವರು ಬಿಚ್ಚಿಕೊಟ್ಟದ್ದನ್ನೂ, ಗಂಟಿನಲ್ಲಿ ತಂದದ್ದನ್ನೂ, ಹೊಳೆಯಲ್ಲಿ ಬಂದ ಏಳನ್ನೂ ಒಗೆದು ಬಿಸಿಲಿಗೆ ಹಾಕಿದಳು. ಎಲ್ಲ ಕೂಡಿ ನಲವತ್ತಕ್ಕೆ ಮೇಲೆಯೇ ಆದವು. ಆಮೇಲೆ ಕರಿಗೇರಿನ ಬಟ್ಟಲು ಮುಂದಿಟ್ಟುಕೊಂಡು ಕಡ್ಡಿ ಕೈಗೆತ್ತಿಕೊಂಡಳು.

ಆ ರಸ ಒಮ್ಮೆ ಹತ್ತಿದರೆ ಹತ್ತಿತು, ಅಳಿಸಲು ಬರುವುದಿಲ್ಲ. ಸುಳ್ಳು ಗುರುತು ಹಾಕುವುದೆಂದರೆ ನಲವತ್ತು ವರ್ಷದ ಬಾಳನ್ನೇ ಹೊಳೆಗೆ ಬಿಟ್ಟಂತೆ. ನಾಳೆಯಿಂದ ಚಾವಡಿಯಲ್ಲಿ ಬರಮವ್ವನ ಗುರುತು ಎಂದರೆ ಯಾರು ನಂಬುತ್ತಾರೆ? ಅವಳಿಗೆ ಅಳು ಬಂತು. ಅತ್ತಳು ಕೂಡ. ಇಪ್ಪತ್ತೆರಡು ಮಂದಿ ನೋಡುತ್ತಿದ್ದರೂ ನಾಚಿಕೊಳ್ಳದೆ ಅತ್ತಳು. ಮೂಗು ಒರೆಸಿಕೊಂಡು, ಎಂದೋ ಸತ್ತ ಅತ್ತೆಗೆ, "ಅತ್ತೀ, ಕಣ್ಣ ಮುಚ್ಚಿಕೋ," ಎಂದು ಹೇಳಿ ಮೊದಲ ಗುರುತು ಹಾಕಿದಳು.

ಮೊದಲನೆಯದೇ ಆ ಸುಟ್ಟ ಸೀರೆ. ಅದಕ್ಕೆ ಮೂರು ಚುಕ್ಕೆ ಇಟ್ಟಳು. ಗೌಡರ ಮನೆಯದು. ಕೆಡುವುದಾದರೆ ದೊಡ್ಡ ಮನೆಯಿಂದಲೇ ಕೆಡಲಿ, ಉಳಿಯುವುದಾದರೆ ಅಲ್ಲಿಂದಲೇ ಉಳಿಯಲಿ ಎಂದು ಲೆಕ್ಕ. ಉಳಿದವನ್ನು ಗಾಣಿಗರಿಗೆ, ಕುಂಬಾರರಿಗೆ, ಪೂಜಾರರಿಗೆ, ಹೀಗೆ ನಲವತ್ತು ಮನೆಗೂ ಹಂಚಿದಳು. ಊರೆಲ್ಲ ಅದನ್ನೇ ಉಟ್ಟರೆ ಆಚೆಯವರು ಯಾರೆಂದು ಬಟ್ಟೆ ನೋಡಿ ಹೇಳಲು ಬರುವುದಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಎಂದಿನಂತೆ ಗಂಟು ಹೊತ್ತು ಮನೆ ಮನೆಗೆ ಹೋದಳು. ಪ್ರತಿ ಬಾಗಿಲಲ್ಲೂ ಎಂದೂ ಹೇಳದ ಒಂದು ಮಾತು ಹೇಳಿದಳು. "ಗುರುತು ನೋಡ್ರಿ."

ಗಾಣಿಗರ ಮನೆಯಲ್ಲಿ ಗಂಟು ಬಿಚ್ಚಿದ ಗಾಣಿಗ ನೀಲಿ ಗೆರೆಯ ಧೋತರ ಹಿಡಿದು ಕಣ್ಣುಕಣ್ಣು ಬಿಟ್ಟ. "ಇದು ನಮ್ದಲ್ಲ," ಎಂದ.

ಒಳಗಿನಿಂದ ಹೆಂಡತಿ ಹೇಳಿದಳು. "ಬರಮವ್ವ ತಪ್ಪು ಮಾಡ್ಯಾಳಂತ ಚಾವಡಿಗೆ ಹೋಗಿ ಹೇಳಾಕ ನಿನಗ ಧೈರ್ಯಿದ್ರ ಹೋಗು. ನಾ ಅಂತೂ ಬರೂದಿಲ್ಲ."

ಗಾಣಿಗ ಮತ್ತೊಮ್ಮೆ ಮೂಲೆ ನೋಡಿದ. ತನ್ನದೇ ಕತ್ತರಿ ಗುರುತು. ಧೋತರವನ್ನು ಗೂಟಕ್ಕೆ ಹಾಕಿದ.

ಕೊನೆಗೆ ಗೌಡರ ಮನೆ. ಗೌಡತಿ ನೀರು ಚಿಮುಕಿಸಿ ಗಂಟು ಬಿಚ್ಚಿದಳು. ಒಂದೊಂದೇ ಬಟ್ಟೆ ಬೆಳಕಿಗೆ ಹಿಡಿದು ನೋಡಿ ಮಡಿಲಿಗೆ ಹಾಕಿಕೊಂಡಳು. ಹಳದಿ ಅಂಚಿನ ಸೀರೆ ಬಂದಾಗ ಕೈ ನಿಂತಿತು. ಸುಟ್ಟ ಜಾಗದ ಮೇಲೆ ಬೆರಳಾಡಿಸಿದಳು. ಬರಮವ್ವ ಬೈಗುಳಕ್ಕೆ ಕಾದು ನಿಂತಳು. ಬೈಗುಳ ಬರಲಿಲ್ಲ. ಗೌಡತಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲವತ್ತು ವರ್ಷದಲ್ಲಿ ಆ ಬಾಯಿ ಸುಮ್ಮನಿದ್ದದ್ದು ಅದೇ ಮೊದಲು. ಕೆಲಸ ಕೆಟ್ಟಿತು ಎಂದುಕೊಂಡು ಬರಮವ್ವ ಮನೆಗೆ ಬಂದಳು.

ಮರುದಿನ ಹೊತ್ತೇರಿದ ಮೇಲೆ ಕಾರಭಾರಿ ಬಂದ. ಕುದುರೆಯ ಮೇಲೆ ಅವನು, ಹಿಂದೆ ಮೂವತ್ತು ಜನ ಸಿಪಾಯಿಗಳು. ಊರಿನವರೆಲ್ಲ ಚಾವಡಿಯ ಮುಂದೆ ಬರಬೇಕೆಂದು ಕೂಗಿಸಿದ. ಊರು ಬಂತು. ಬರಮವ್ವ ಚಾವಡಿಯ ಮೂಲೆಯಲ್ಲಿ ನಿಂತು ಒಬ್ಬೊಬ್ಬರನ್ನೂ ನೋಡಿದಳು. ಮುಖ ನೋಡಲಿಲ್ಲ, ಬಟ್ಟೆ ನೋಡಿದಳು.

ಗಾಣಿಗ ನೀಲಿ ಗೆರೆಯ ಧೋತರ ಉಟ್ಟು ಬಂದಿದ್ದ. ಕುಂಬಾರನ ಹೆಂಡತಿ ಹಳದಿ ಅಂಚು ಉಟ್ಟಿದ್ದಳು. ಪೂಜಾರಿಯ ಹೆಗಲ ಮೇಲೆ ನೀಲಿ ಗೆರೆಯ ವಲ್ಲಿ. ಹಿತ್ತಲಿನಿಂದ ರೊಟ್ಟಿ ಕೊಟ್ಟವರೂ, ಬಾಗಿಲು ಹಾಕಿಕೊಂಡು ಏನೂ ಕೊಡದವರೂ ಉಟ್ಟು ಬಂದಿದ್ದರು. ಅವರ ನಡುವೆ ಆ ಇಪ್ಪತ್ತೆರಡು ಮಂದಿ ಅಚ್ಚ ಬಿಳಿ ಧೋತರದಲ್ಲಿ, ಕೆಂಪು ಅಂಚಿನಲ್ಲಿ ನಿಂತಿದ್ದರು. ಬರಮವ್ವ ಬೆರಳು ಮಡಿಚಿ ಮನೆಗಳನ್ನು ಎಣಿಸಿದಳು. ಗೌಡರ ಮನೆಯವರು ಮಾತ್ರ ಇನ್ನೂ ಬಂದಿರಲಿಲ್ಲ.

ಕಾರಭಾರಿಗೆ ಮೊದಲು ಕಣ್ಣಿಗೆ ಬಿದ್ದವನು ಗಾಣಿಗ. "ಹಿಡೀರಿ ಅವನ್ನ!"

ಗಾಣಿಗ ಧೋತರದ ಮೂಲೆ ತಿರುಗಿಸಿ ತೋರಿಸಿದ. "ಗುರುತು ನೋಡ್ರಿ ಸಾಹೇಬ್ರ. ನಾ ಹುಟ್ಟಿದ್ದ ಈ ಊರ ಗಾಣದ ಮುಂದ. ನಂಬಿಕಿ ಇಲ್ಲಂದ್ರ ನಮ್ಮ ಎತ್ತನ್ನ ಕೇಳ್ರಿ."

ಯಾರೋ ನಕ್ಕರು. ಸಿಪಾಯಿಗಳು ಕುಂಬಾರನ ಹೆಂಡತಿಯ ಸೀರೆ ನೋಡಿದರು, ಕುಂಬಾರರ ಗುರುತು. ಪೂಜಾರಿಯ ವಲ್ಲಿ ನೋಡಿದರು, ಪೂಜಾರರ ಗುರುತು. ಸಿಟ್ಟಿಗೆ ಬಿಳಿ ಧೋತರದವನೊಬ್ಬನನ್ನು ಎಳೆದರು, ಅದರಲ್ಲೂ ಗುರುತು. ಕಾರಭಾರಿ ದಡ್ಡನಾಗಿರಲಿಲ್ಲ. ಕುದುರೆಯಿಂದ ಇಳಿದ.

ಅಷ್ಟರಲ್ಲಿ ಗೌಡ ಬಂದ. ಒಬ್ಬನೇ ಬಂದ. ಉಟ್ಟದ್ದು ತನ್ನ ಅಚ್ಚ ಬಿಳಿ ಧೋತರ. ಮುಖವೂ ಅಷ್ಟೇ ಬಿಳುಪಾಗಿತ್ತು.

"ಗೌಡ್ರ, ನೀವ ಹೇಳ್ರಿ. ಈ ಊರಾಗ ಹಳದಿ ಅಂಚು ಯಾವಾಗಿಂದ ಉಡಾಕ ಹತ್ಯಾರ?"

ಗೌಡ ಬಾಯಿ ತೆರೆದ. ಆ ಬಾಯಿಯಿಂದ ಬೀಳುವ ಒಂದು ಮಾತಿನ ಮೇಲೆ ಇಪ್ಪತ್ತೆರಡು ಜೀವ, ನಲವತ್ತು ಮನೆ ನಿಂತಿದ್ದವು. ಹಾವೂ ಸಾಯದೆ ಕೋಲೂ ಮುರಿಯದೆ ಉಳಿಯುವ ಉತ್ತರವನ್ನು ಗೌಡ ಇನ್ನೂ ಹುಡುಕುತ್ತಿದ್ದ.

"ಏನ ಬರಮವ್ವ!"

ಊರಿಗೆ ಊರೇ ಬೆಚ್ಚಿ ತಿರುಗಿತು. ಗೌಡತಿ ಬರುತ್ತಿದ್ದಳು. ಸೊಸೆಯರನ್ನು ಹಿಂದೆ ಕಟ್ಟಿಕೊಂಡು, ಹಳದಿ ಅಂಚಿನ ಸೀರೆ ಉಟ್ಟು, ಸುಟ್ಟ ಸೆರಗನ್ನು ಎಲ್ಲರಿಗೂ ಕಾಣುವಂತೆ ತಲೆಯ ಮೇಲೆ ಹೊದ್ದು ಬರುತ್ತಿದ್ದಳು. ಕಾರಭಾರಿಯನ್ನು ಕಣ್ಣೆತ್ತಿಯೂ ನೋಡದೆ ನೆಟ್ಟಗೆ ಬರಮವ್ವನ ಮುಂದೆ ಬಂದು ನಿಂತಳು.

"ನಲವತ್ತು ವರ್ಷ ಆತು, ಒಂದ ಕಲೀನಾರ ಸರಿಯಾಗಿ ತಗದೀ ಏನ ನೀ? ಹೋದ ಹಬ್ಬಕ್ಕ ಒಲೀ ಮುಂದ ಸುಟಗೊಂಡದ್ದು, ನೋಡಿಲ್ಲೆ, ಮಸಿ ಹಂಗ ಐತಿ! ನನ್ನ ಸೀರಿ ಅಂದ್ರ ನಿನಗ ಅಷ್ಟು ಸಸಾರ ಆತೇನು?"

ನಲವತ್ತು ವರ್ಷ ತಿಂದ ಬೈಗುಳದಲ್ಲಿ ಇಷ್ಟು ಸಿಹಿಯಾದದ್ದನ್ನು ಬರಮವ್ವ ತಿಂದಿರಲಿಲ್ಲ. "ತಪ್ಪಾತ್ರಿ ಅವ್ವಾರ," ಎಂದಳು.

ಗೌಡತಿ ಆಮೇಲೆ ಕಾರಭಾರಿಯ ಕಡೆ ತಿರುಗಿ, ಸೆರಗಿನ ಮೂಲೆ ಎತ್ತಿ ಮೂರು ಚುಕ್ಕೆ ತೋರಿಸಿದಳು. "ಹೆಣ್ಮಕ್ಕಳ ಸೀರಿ ಅಂಚು ನೋಡಾಕ ಕುದರಿ ಹತ್ತಿ ಬಂದೀರೇನು ನೀವು?"

ಜನರ ನಡುವೆ ನಿಂತಿದ್ದ ಮುದುಕಿ ಆ ಸುಟ್ಟ ಸೆರಗನ್ನೇ ನೋಡುತ್ತಿದ್ದಳು. ಇನ್ನೊಂದು ಚಣವಾದರೆ ಅತ್ತುಬಿಡುತ್ತಿದ್ದಳು, ಅತ್ತರೆ ಎಲ್ಲ ಮುಗಿಯುತ್ತಿತ್ತು. ಗೌಡತಿ ಜನರನ್ನು ಸರಿಸಿಕೊಂಡು ಹೋದಳು. ಯಾರ ಗಾಳಿಯೂ ಸೋಕಬಾರದೆನ್ನುವ ಆ ಹೆಂಗಸು ಮುದುಕಿಯ ಕೈ ಹಿಡಿದುಕೊಂಡಳು.

"ಅತ್ತೀ, ಎಷ್ಟೊತ್ತು ಬಿಸಲಾಗ ನಿಂದರ್ತೀರಿ? ಒಳಗ ನಡೀರಿ."

ಮುದುಕಿ ಸೊಸೆಯ ಸೀರೆಯ ಸೆರಗು ಹಿಡಿದುಕೊಂಡು ಗೌಡರ ಮನೆಯ ಹೊಸ್ತಿಲು ದಾಟಿದಳು. ಯಾರೂ ನೀರು ಚಿಮುಕಿಸಲಿಲ್ಲ. ಗೌಡ ಅದನ್ನು ನೋಡಿದ, ತೆರೆದ ಬಾಯಿ ಮುಚ್ಚಿದ, ಮತ್ತೆ ತೆರೆದು, "ಮದಲಿಂದ್ಲೂ ಉಡತಾರ್ರಿ," ಎಂದ. ಕೋಲು ಮುರಿದರೆ ಮುರಿಯಲಿ ಎಂದು ಅವನು ಹುಟ್ಟಿದಾಗಿನಿಂದ ಹೇಳಿದ್ದು ಅದೊಂದೇ ಸಲ.

ಕಾರಭಾರಿ ಬರಮವ್ವನ ಹತ್ತಿರ ಬಂದ. ಈ ಗುರುತುಗಳೆಲ್ಲ ಯಾರ ಕೈಯಿಂದ ಆದವೆಂದು ಅವನಿಗೆ ಗೊತ್ತಿತ್ತು. ಬೆದರಿಸಲಿಲ್ಲ, ಮೆತ್ತಗೆ ಮಾತಾಡಿದ.

"ನೀ ತಪ್ಪು ಮಾಡೂದಿಲ್ಲಂತ ಸುತ್ತ ಹತ್ತೂರಾಗ ಮಾತೈತಿ."

"ಇತ್ರಿ. ನಿನ್ನೆ ಮಾಡೇನಿ. ನಲವತ್ತು ವರ್ಷದ್ದು ಎಲ್ಲಾ ಕೂಡಿ ಒಂದ ಸಲ ಮಾಡೇನಿ."

"ಹಂಗಾರ ತಿದ್ದು. ಇಲ್ಲೇ ನನ್ನ ಮುಂದ. ಯಾವ ಅರಿವಿ ಯಾರದು ಅಂತ ಬ್ಯಾರೆ ಮಾಡಿ ಕೊಡು. ನಿನ್ನ ಕಸುಬು ಉಳೀತದ, ನಿನ್ನ ಕಲ್ಲು ಉಳೀತದ."

"ಯಾವುದು ಯಾರದು, ಎಲ್ಲಾ ಗೊತ್ತೈತ್ರಿ ನನಗ. ಕಣ್ಣ ಕಟ್ಟಿ ಬಿಟ್ರೂ ಹೇಳೇನು. ಆದರ ಗುರುತು ಹಾಕೂದು ಅರಿವೀನ ಮನಿಗೆ ಮುಟ್ಟಸಾಕ್ರಿ ಸಾಹೇಬ್ರ. ಮಂದೀನ ಸುಡಗಾಡಿಗೆ ಮುಟ್ಟಸಾಕ ಅಲ್ಲ. ಕಲ್ಲು ಒಡೀರಿ."

ಕಾರಭಾರಿ ಕಲ್ಲು ಒಡೆಸಿದ. ನಾಲ್ಕು ಜನ ಸಿಪಾಯಿಗಳು ಹೊಳೆಯ ದಂಡೆಯಲ್ಲಿ ಸುತ್ತಿಗೆ ಹಿಡಿದು ಮಧ್ಯಾಹ್ನದವರೆಗೆ ಬಡಿದರು. ಊರೆಲ್ಲ ಸುತ್ತ ನಿಂತು ನೋಡಿತು. ಒಂದೊಂದು ಏಟಿಗೂ ಕಾರಭಾರಿ ತಲೆಯೆತ್ತಿ, ಯಾರಾದರೂ ಬಾಯಿಬಿಡುತ್ತಾರೋ ಎಂದು ಮುಖ ಮುಖ ನೋಡಿದ. ಯಾರೂ ಬಿಡಲಿಲ್ಲ. ಬರಮವ್ವನಿಗೆ ಆ ಏಟುಗಳು ತನ್ನ ಬೆನ್ನಿಗೇ ಬಿದ್ದಂತೆ ಆಗುತ್ತಿತ್ತು, ಆದರೂ ತಲೆ ತಗ್ಗಿಸದೆ ನಿಂತಳು. ಕೊನೆಗೆ ಬಂಡೆ ನಡು ತಗ್ಗಿನಲ್ಲೇ ಬಿರಿದು ಎರಡಾಯಿತು. ಒಂದು ಹೋಳು ಉರುಳಿ ನೀರಿಗೆ ಬಿತ್ತು, ಒಂದು ದಡದಲ್ಲಿ ಉಳಿಯಿತು.

"ಇನ್ನ ಊರಿಗೂರೇ ಹೊಲಸು ಅರಿವಿ ಉಟ್ಟಕೊಂಡು ತಿರಗ್ರಿ," ಎಂದು ಹೇಳಿ ಕಾರಭಾರಿ ಕುದುರೆ ಹತ್ತಿದ. ನಲವತ್ತು ಮನೆಗೂ ಬೆಂಕಿ ಹಾಕಿದರೆ ಬರುವ ಸುಗ್ಗಿಯಲ್ಲಿ ಅರಮನೆಗೆ ಕಾಳು ಅಳೆಯುವವರು ಯಾರು? ಅದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಅವನ ಧೂಳು ಅಡಗಿದ ಮೇಲೆ ಬರಮವ್ವ ನೀರಿಗೆ ಇಳಿದಳು. ಬಿದ್ದ ಹೋಳನ್ನು ಅಂಗೈಯಿಂದ ಸವರಿದಳು, ಅಲುಗಿಸಿ ನೋಡಿದಳು. ಗಟ್ಟಿಯಾಗಿ ಕೂತಿತ್ತು. ಕೈಗೆ ಸಿಕ್ಕ ಬಟ್ಟೆಯೊಂದನ್ನು ಅದ್ದಿ ಒಂದು ಏಟು ಹಾಕಿದಳು. ಆ ಸದ್ದು ಆಚೆಯ ದಡದವರೆಗೂ ಕೇಳಿಸಿತು. ಕೇಳಿಸಲಿ ಎಂದೇ ಹಾಕಿದ್ದಳು.

ಬಂದವರು ಎರಡು ಸುಗ್ಗಿ ಆ ಊರಿನಲ್ಲಿದ್ದರು. ನೀಲಿ ಗೆರೆ ಹಳದಿ ಅಂಚುಗಳು ಎಲ್ಲಿದ್ದವೋ ಅಲ್ಲೇ ಉಳಿದವು. ಗೌಡತಿ ಆ ಸುಟ್ಟ ಸೀರೆಯನ್ನು ವಾರ ವಾರ ಒಗೆಯಲು ಹಾಕುತ್ತಿದ್ದಳು, ಮಸಿ ಹೋಗಿಲ್ಲವೆಂದು ವಾರ ವಾರ ಬೈಯುತ್ತಿದ್ದಳು. ಬರಮವ್ವ ಅದಕ್ಕೆ ಬಂಡೆಯ ಮೇಲೆ ಏಟು ಹಾಕದೆ ಕೈಯಲ್ಲೇ ಹಿಂಡಿ ತರುತ್ತಿದ್ದಳು. ತಾನು ಮಾಡಿದ ತಪ್ಪನ್ನು ಅವಳು ಸಾಯುವವರೆಗೂ ತಿದ್ದಲಿಲ್ಲ.

ಯುದ್ಧ ಮುಗಿದಾಗ ಆಚೆ ಹೋಗಲು ಅವರಿಗೆ ಊರೇ ಉಳಿದಿರಲಿಲ್ಲ. ನಾಲ್ಕು ದಿನದ ದಾರಿಯಲ್ಲಿ ಯಾರ ಹೊಲವೂ ಅಲ್ಲದ ಒಂದು ದಿಬ್ಬವಿದೆ, ಹೋಗಿ ಬರುವವರಿಗೆ ನೆರಳಾಗಿ ಅಲ್ಲೇ ಏನಾದರೂ ಕಟ್ಟಿಕೊಂಡು ಇರುತ್ತೇವೆ ಎಂದು ಹೊರಟರು. ಹೊರಡುವಾಗ ಬರಮವ್ವನ ಹತ್ತಿರ ಒಂದನ್ನೇ ಕೇಳಿದರು. ದಡದಲ್ಲಿ ಬಿದ್ದ ಅರ್ಧ ಕಲ್ಲು. ಎಂಟು ಜನ ಅದನ್ನು ಹೊತ್ತುಕೊಂಡು ಹೋದರು.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು. ಹುಣಸೆಹಣ್ಣು ಮುಗಿದಿತ್ತು. ಬೀಜವನ್ನು ಒಂದು ಕಡೆ ಗುಡ್ಡೆ ಮಾಡಿ ಕೈ ಕೊಡವಿಕೊಂಡರು. ಹೊರಗಿನಿಂದ ಒಂದು ಕೂಸು ಅಳುವುದು, ಯಾರೋ ಅದನ್ನು ಸುಮ್ಮನಾಗಿಸುವುದು ಕೇಳಿಸುತ್ತಿತ್ತು.

ಶಿಷ್ಯ ಒಮ್ಮೆ ಬಾಗಿಲಿನ ಕಡೆ ನೋಡಿದ. ಆಮೇಲೆ ಕೇಳಿದ. "ಆ ಅರ್ಧ ಕಲ್ಲನ್ನು ಅವರು ಎಲ್ಲಿ ಇಟ್ಟರು, ಗುರುಗಳೇ?"

ಗುರುಗಳು ಹೇಳಿದರು: "ಇವತ್ತು ಬೆಳಿಗ್ಗೆ ನೀನು ಅದರ ಮೇಲೆ ನಿಂತುಕೊಂಡೇ ಹೊರಗಿರುವವರಿಗೆ ಒಳಗೆ ಬರಬೇಡಿ ಎಂದೆ."